ಹೊಸ ಬೈಸಿಕಲ್ಲೋ, ಹಳೆಯದೋ?

ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಹೋಗುವ ರೈಲುಹಾದಿಯಲ್ಲಿ ಕುಂದಗೋಳ, ಸಂಶಿಗಳನ್ನು ದಾಟಿದರೆ ಗುಡಗೇರಿ ನಿಲ್ದಾಣ. ಇಳಿದು ನಿಂತರೆ ಕಣ್ಣು ಹರಿದಷ್ಟು ದೂರ ಎರೆಯ ಹೊಲ. ಹತ್ತಿ, ಶೇಂಗಾ, ಮೆಣಸಿನಕಾಯಿ, ಜೋಳಗಳ ಸೀಮೆ. ಏರುತಗ್ಗು ಕಡಿಮೆ, ಗಾಳಿ ಹೆಚ್ಚು. ಬೈಸಿಕಲ್ಲಿನ ವಿಷಯ ಬರೆಯಹೊರಟವರು ನೆಲದ ವರ್ಣನೆಯನ್ನೇಕೆ ಮಾಡುವರೆಂದು ವಾಚಕರು ಕೇಳಬಹುದು. ಈ ನೆಲ, ಈ ಗಾಳಿ ಎರಡೂ ಮುಂದೆ ನಮ್ಮ ಲೆಕ್ಕದೊಳಗೆ ಬರಲಿವೆ.

ನಮ್ಮ ಅಕ್ಕನ ಮನೆ ಈ ಊರಿನಲ್ಲಿದೆ. ಕಳೆದ ಬೇಸಗೆಯ ರಜೆಯಲ್ಲಿ ನಾವು ಅಲ್ಲಿಗೆ ಹೋದಾಗ ಮನೆಯಲ್ಲೊಂದು ವ್ಯಾಜ್ಯ ನಡೆದಿತ್ತು. ಅಕ್ಕನ ಮಗಳಿಗೆ ಹನ್ನೆರಡು ಕಿಲೋಮೀಟರು ದೂರದ ಕಾಲೇಜಿನಲ್ಲಿ ವಿಜ್ಞಾನದ ತರಗತಿಗೆ ಪ್ರವೇಶ ದೊರೆತಿತ್ತು. ಮುಂಜಾನೆಯ ಬಸ್ಸು ಬರುವ ಹೊತ್ತು ನಿಶ್ಚಿತವಿಲ್ಲ. ಪ್ರಯೋಗಶಾಲೆಯ ಗಂಟೆಯಾದರೋ ನಿಶ್ಚಿತ. ಹಿಂದಿನ ವರ್ಷ ಅವಳ ಗೆಳತಿಯೊಬ್ಬಳು ಹಾಜರಿ ಸಾಲದೆ ಪರೀಕ್ಷೆಗೆ ಕೂಡ್ರಲಾರದೆ ಓದನ್ನೇ ಬಿಟ್ಟಿದ್ದಳು. ಆದುದರಿಂದ ಬೈಸಿಕಲ್ಲು ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಮೆಣಸಿನಕಾಯಿ ಮಾರಿದ ಹಣದಲ್ಲಿ ೧೫,೦೦೦ ರೂಪಾಯಿ ಅದಕ್ಕೆಂದೇ ತೆಗೆದಿರಿಸಿದ್ದರು. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಗೆ ಇರಲಿಲ್ಲ.

ವ್ಯಾಜ್ಯವಿದ್ದುದು ಎಂಥದನ್ನು ಕೊಳ್ಳಬೇಕೆಂಬುದರಲ್ಲಿ. ಭಾವನವರು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹೊಚ್ಚ ಹೊಸದನ್ನು ನೋಡಿಬಂದಿದ್ದರು. ಮಗಳ ಮನಸ್ಸು ಮಾತ್ರ ಬಾಗಿದ ಹ್ಯಾಂಡಲ್ಲಿನ, ತೆಳು ಟಾಯರಿನ ರಸ್ತೆ ಸೈಕಲ್ಲಿನ ಮೇಲೆ ನೆಟ್ಟಿತ್ತು. ಗದಗ, ವಿಜಯಪುರ, ಬಾಗಲಕೋಟೆಗಳು ಸೈಕಲ್ ಪಂದ್ಯದ ಹುಡುಗ ಹುಡುಗಿಯರನ್ನು ಬಹುಕಾಲದಿಂದ ತಯಾರಿಸುತ್ತ ಬಂದ ಊರುಗಳು. ಪಂದ್ಯ ಬಿಟ್ಟವರ, ದೊಡ್ಡ ಅಳತೆಯದನ್ನು ಕೊಂಡವರ ಹಳೆಯ ಸೈಕಲ್ಲುಗಳು ಆ ಕಡೆಯಲ್ಲಿ ಮಾರಾಟಕ್ಕೆ ಬರುವುದುಂಟು. ಹೊಸದಾದರೆ ಅಂಥ ಸೈಕಲ್ಲು ನಮ್ಮ ಹಣಕ್ಕೆ ಎಟುಕುವ ಮಾತಲ್ಲ.

“ಹಳೇ ಸೈಕಲ್ ಅಂದ್ರ ಮಂದಿ ತ್ರಾಸು ರೊಕ್ಕಾ ಕೊಟ್ಟು ಮನಿಗೆ ತಂದಂಗ,” ಎಂದು ಭಾವನವರು.

“ಹೊಸಾದ್ರಾಗ ಬಣ್ಣ ಅಷ್ಟ ಹೊಸಾದು, ಅಪ್ಪಾ. ಬೇಕಾದ್ರ ಮಾಮಾನ್ನ ಕೇಳು,” ಎಂದು ಮಗಳು.

ಭೌತಶಾಸ್ತ್ರ ಕಲಿಸುವವರೆಂಬ ಒಂದೇ ಕಾರಣದಿಂದ ನಾವು ನ್ಯಾಯಾಧೀಶರಾದೆವು.

ಮೊದಲು ವಿಚಾರಿಸಬೇಕಾದುದು ಇದು: ಸವಾರನು ಕಾಲಿನಿಂದ ಹಾಕುವ ಶಕ್ತಿ ಎಲ್ಲಿಗೆ ಹೋಗುತ್ತದೆ? ಸಪಾಟಾದ ದಾರಿಯಲ್ಲಿ ಸಮವೇಗದಿಂದ ಹೋಗುವ ಬೈಸಿಕಲ್ಲಿಗೆ ಎದುರಾಳಿಗಳು ಮುಖ್ಯವಾಗಿ ಇಬ್ಬರು; ಒಂದು ಟಾಯರಿನ ಉರುಳುಘರ್ಷಣೆ, ಇನ್ನೊಂದು ಗಾಳಿಯ ತಡೆ. ಟಾಯರು ನೆಲಕ್ಕೆ ತಾಗುವಲ್ಲಿ ಚಪ್ಪಟೆಯಾಗುತ್ತದೆ, ಮೇಲೆದ್ದೊಡನೆ ಮತ್ತೆ ದುಂಡಾಗುತ್ತದೆ. ಒತ್ತುವಾಗ ಪಡೆದ ಶಕ್ತಿಯನ್ನೆಲ್ಲ ರಬ್ಬರು ಹಿಂದಿರುಗಿಸುವುದಿಲ್ಲ. ಸ್ವಲ್ಪವನ್ನು ಶಾಖವಾಗಿ ನುಂಗಿಕೊಳ್ಳುವುದು. ದಪ್ಪ ಮೈಯ, ಗುಬುಟುಗುಬುಟಾದ ಟಾಯರು ಹೆಚ್ಚು ನುಂಗುವುದು. ತೆಳು ಮೈಯ, ಬಿಗಿಯಾಗಿ ಗಾಳಿ ತುಂಬಿದ ಟಾಯರು ಕಡಿಮೆ. ಒಟ್ಟು ಭಾರದ ಸಾವಿರದಲ್ಲಿ ಒಂಬತ್ತು ಪಾಲಿನಷ್ಟು ಬಲವನ್ನು ಮೊದಲನೆಯದೂ, ಐದು ಪಾಲಿನಷ್ಟನ್ನು ಎರಡನೆಯದೂ ಕೇಳುವುವೆಂದು ಹಿಡಿದರೆ ತಪ್ಪಾಗದು. ಗಾಳಿಯ ಲೆಕ್ಕ ಬೇರೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ಎಂಟುಮಡಿಯಾಗುತ್ತದೆ. ನೆಟ್ಟಗೆ ಕುಳಿತವನ ಎದೆ ಹಾಯಿಯಂತೆ ಗಾಳಿಯನ್ನು ಹಿಡಿಯುವುದು. ಬಾಗಿ ಕುಳಿತವನನ್ನು ಗಾಳಿ ಸವರಿಕೊಂಡು ಹೋಗುವುದು.

ಐವತ್ತು ಕಿಲೋಗ್ರಾಂ ತೂಕದ ಹುಡುಗಿ ಗಂಟೆಗೆ ೨೦ ಕಿಲೋಮೀಟರು ವೇಗದಿಂದ ಹೋಗುತ್ತಾಳೆನ್ನೋಣ. ಹದಿನೆಂಟು ಕಿಲೋಗ್ರಾಮಿನ, ದಪ್ಪ ಟಾಯರಿನ ಸೈಕಲ್ಲಿನ ಮೇಲೆ ನೆಟ್ಟಗೆ ಕುಳಿತರೆ ಟಾಯರಿಗೆ ಸುಮಾರು ೩೩ ವಾಟ್, ಗಾಳಿಗೆ ಸುಮಾರು ೪೭ ವಾಟ್, ಒಟ್ಟು ೮೦ ವಾಟ್ ಬೇಕು. ಹನ್ನೊಂದು ಕಿಲೋಗ್ರಾಮಿನ ರಸ್ತೆ ಸೈಕಲ್ಲಿನ ಮೇಲೆ ಬಾಗಿ ಕುಳಿತರೆ ೧೭ ಮತ್ತು ೩೪, ಒಟ್ಟು ೫೧ ವಾಟ್. ಇದರಲ್ಲಿ ತೂಕದ ಪಾಲು ಎಷ್ಟೆಂದು ನೋಡಿದರೆ ಆಶ್ಚರ್ಯವಾಗುವುದು. ಮೊದಲನೆಯ ಸೈಕಲ್ಲಿನ ತೂಕವನ್ನು ಏಳು ಕಿಲೋಗ್ರಾಂ ಇಳಿಸಿ, ಮತ್ತೇನನ್ನೂ ಬದಲಿಸದಿದ್ದರೆ ಉಳಿಯುವುದು ಮೂರು ಮೂರೂವರೆ ವಾಟ್ ಅಷ್ಟೇ. ಅಂಗಡಿಯಲ್ಲಿ ಸೈಕಲ್ಲನ್ನು ಒಂದೇ ಬೆರಳಿನಿಂದ ಎತ್ತಿ ತೋರಿಸುವುದುಂಟಲ್ಲ, ಆ ಪ್ರದರ್ಶನಕ್ಕೆ ಘಟ್ಟದ ದಾರಿಯಲ್ಲಿ ಬೆಲೆಯಿದೆ. ಎರೆಯ ಬಯಲಿನಲ್ಲಿ ಬಹಳವಿಲ್ಲ. ಇಲ್ಲಿ ಫಲ ಕೊಡುವುದು ಟಾಯರು ಮತ್ತು ಕೂಡ್ರುವ ಭಂಗಿ.

ಅದೇ ೮೦ ವಾಟನ್ನು ರಸ್ತೆ ಸೈಕಲ್ಲಿಗೆ ಹಾಕಿದರೆ ವೇಗ ಗಂಟೆಗೆ ೨೪ ಕಿಲೋಮೀಟರಿಗೆ ಏರುವುದು. ಹನ್ನೆರಡು ಕಿಲೋಮೀಟರಿನ ದಾರಿ ೩೬ ನಿಮಿಷದ ಬದಲು ೩೦ ನಿಮಿಷ. ಆರು ನಿಮಿಷಕ್ಕಾಗಿ ಇಷ್ಟು ರಂಪವೇ ಎಂದು ಭಾವನವರು ಕೇಳಿದರು. ಶಾಂತವಾದ ಹವೆಯಲ್ಲಿ ಅವರ ಪ್ರಶ್ನೆ ಸರಿಯೇ. ಆದರೆ ಜೂನ್ ಬಂತೆಂದರೆ ಈ ಬಯಲಿನ ಮೇಲೆ ಪಡುವಣ ಗಾಳಿ ಬಿಡದೆ ಬೀಸುವುದು. ಪೂರ್ವದಲ್ಲಿ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಹುಡುಗಿಯ ಕಾಲೇಜು ಪಡುವಣ ದಿಕ್ಕಿಗೇ ಇದೆ. ಸೆಕೆಂಡಿಗೆ ನಾಲ್ಕು ಮೀಟರಿನ ಎದುರುಗಾಳಿಯಲ್ಲಿ ಅದೇ ೮೦ ವಾಟಿಗೆ ದಪ್ಪ ಟಾಯರಿನ ಸೈಕಲ್ಲು ಗಂಟೆಗೆ ೧೩ ಕಿಲೋಮೀಟರು, ರಸ್ತೆ ಸೈಕಲ್ಲು ೧೬ ಕಿಲೋಮೀಟರು ಮತ್ತೆ ಸ್ವಲ್ಪ. ಅಂದರೆ ೫೫ ನಿಮಿಷ, ಇಲ್ಲವೇ ೪೪ ನಿಮಿಷ. ಹನ್ನೊಂದು ನಿಮಿಷವೆಂದರೆ ಪ್ರಯೋಗಶಾಲೆಯ ಬಾಗಿಲು ತೆರೆದಿರುವುದಕ್ಕೂ ಮುಚ್ಚಿರುವುದಕ್ಕೂ ಇರುವ ಅಂತರ.

ಮರುದಿನ ಹುಬ್ಬಳ್ಳಿಗೆ ಹೋದೆವು. ಭಾವನವರು ಮೆಚ್ಚಿದ ಹೊಸ ಸೈಕಲ್ಲಿನ ಬೆಲೆ ೧೪,೫೦೦ ರೂಪಾಯಿ. ೨೦೨೫ರ ಸೆಪ್ಟೆಂಬರಿನಲ್ಲಿ ಬೈಸಿಕಲ್ಲಿನ ಮೇಲಿನ ಜಿ.ಎಸ್.ಟಿ. ಶೇಕಡಾ ೧೨ರಿಂದ ೫ಕ್ಕೆ ಇಳಿದ ಮೇಲಿನ ಬೆಲೆ ಅದು. ಮುಂದಿನ ಕವಲಿನಲ್ಲಿ ಸ್ಪ್ರಿಂಗು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು, ಮೈಮೇಲೆಲ್ಲ ಮಿಂಚುವ ಬಣ್ಣ, ೨೧ ಗೇರು. ಈ ಇಪ್ಪತ್ತೊಂದರ ಮರ್ಮವೇನೆಂದರೆ ಮುಂದಿನ ಮೂರು ಹಲ್ಲುಚಕ್ರಗಳನ್ನು ಹಿಂದಿನ ಏಳರಿಂದ ಗುಣಿಸಿದ್ದು. ಮುಂದೆ ೪೮ ಹಲ್ಲಿನದಕ್ಕೆ ಹಿಂದೆ ೨೪ ಹಲ್ಲಿನದನ್ನು ಜೋಡಿಸಿದರೂ, ಮುಂದೆ ೨೮ಕ್ಕೆ ಹಿಂದೆ ೧೪ನ್ನು ಜೋಡಿಸಿದರೂ ಪೆಡಲಿನ ಒಂದು ಸುತ್ತಿಗೆ ಗಾಲಿ ಎರಡೇ ಸುತ್ತು ತಿರುಗುವುದು. ಹೀಗೆ ಎಷ್ಟೋ ಗೇರುಗಳು ಒಂದರ ಮೇಲೊಂದು ಬೀಳುತ್ತವೆ. ಸಪಾಟು ನೆಲದಲ್ಲಿ ನಾಲ್ಕೈದು ಸಾಕು. ಸ್ಪ್ರಿಂಗಿನ ಕವಲು ಕಲ್ಲುದಾರಿಯಲ್ಲಿ ಕೈಗೆ ಸುಖ ಕೊಡುವುದು ನಿಜ. ಡಾಂಬರು ರಸ್ತೆಯಲ್ಲಿ ಎದ್ದು ತುಳಿದಾಗಲೆಲ್ಲ ಕುಗ್ಗಿ ಜಿಗಿದು, ತುಳಿದದ್ದರಲ್ಲಿ ಒಂದು ಪಾಲನ್ನು ತಾನೇ ತಿನ್ನುವುದು. ಹೊಸದರ ಪಕ್ಷದಲ್ಲಿ ಹೇಳಬೇಕಾದುದೂ ಉಂಟು: ಒಂದು ವರ್ಷದ ಭರವಸೆಯ ಚೀಟಿ, ಸವೆಯದ ಭಾಗಗಳು, ಬೇಕಾದ ಅಳತೆಯನ್ನು ಆರಿಸಿಕೊಳ್ಳುವ ಅವಕಾಶ. ಅಳತೆಯನ್ನು ಹಗುರಾಗಿ ಕಾಣಕೂಡದು. ತನ್ನದಲ್ಲದ ಅಳತೆಯ ಸೈಕಲ್ಲು ಎಷ್ಟು ಅಗ್ಗವಾದರೂ ಮೊಣಕಾಲಿಗೆ ತುಟ್ಟಿ.

ಹಾಗಾದರೆ ಬಳಸಿದ ಸೈಕಲ್ಲು ಅಗ್ಗವೇಕೆ? ಸವೆದಿದೆಯೆಂಬುದು ಅರ್ಧ ಉತ್ತರ. ಉಳಿದ ಅರ್ಧವನ್ನು ಅಮೇರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು ೧೯೭೦ರಲ್ಲಿ ಹಳೆಯ ಮೋಟಾರುಗಾಡಿಗಳ ಪೇಟೆಯನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸಿದರು. ೨೦೦೧ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು. ಮಾರುವವನಿಗೆ ತನ್ನ ಗಾಡಿಯ ಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೆಟ್ಟದ್ದೇ ಗಂಟುಬಿದ್ದೀತೆಂಬ ಭಯದಿಂದ ಕೊಳ್ಳುವವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಹೇಳುವನು. ಒಳ್ಳೆಯ ಗಾಡಿಯ ಒಡೆಯನು ಆ ಬೆಲೆಗೆ ಮಾರಲೊಲ್ಲದೆ ಹಿಂದೆ ಸರಿಯುವನು. ಅಂದರೆ ಹಳೆಯ ವಸ್ತುವಿನ ಬೆಲೆಯಿಂದ ಇಳಿದಿರುವ ಹಣದಲ್ಲಿ ಒಂದು ಭಾಗ ಸವಕಳಿಯದು, ಇನ್ನೊಂದು ಭಾಗ ನಮ್ಮ ಅಜ್ಞಾನದ್ದು. ಅಳೆದು ನೋಡಬಲ್ಲವನಿಗೆ ಆ ಎರಡನೆಯ ಭಾಗ ಲಾಭವಾಗಿ ಬರುವುದು. ಅಳೆಯಲು ಬಾರದುದನ್ನು ಅವನೂ ಬಿಟ್ಟುಬಿಡಬೇಕು.

ಈ ಮಾತನ್ನು ಭಾವನವರಿಗೆ ಒಪ್ಪಿಸಲು ಅರ್ಥಶಾಸ್ತ್ರ ಬೇಕಾಗಲಿಲ್ಲ. ಜಾತ್ರೆಯಲ್ಲಿ ಅವರು ಹೊಸ ಎತ್ತು ಕೊಳ್ಳುವರೇ? ಬಾಯಿ ಬಿಡಿಸಿ ಹಲ್ಲು ನೋಡುವರು, ನಡೆಸಿ ಕಾಲು ನೋಡುವರು, ಆಮೇಲೆ ಟವೆಲಿನ ಕೆಳಗೆ ಕೈಹಾಕುವರು. ಸೈಕಲ್ಲಿಗೂ ಹಲ್ಲು ಉಂಟೆಂದೆವು. “ಹಂಗಾರ ನಡೀರಿ, ನೋಡೇ ಬಿಡೂಣು,” ಎಂದು ಹೊರಟರು.

ಗದಗಿನಲ್ಲಿ ಎರಡು ಸೈಕಲ್ಲುಗಳು ನೋಡಸಿಕ್ಕವು. ನಮ್ಮ ಚೀಲದಲ್ಲಿದ್ದ ಉಪಕರಣಗಳು ಇಷ್ಟು: ಶಾಲೆಯ ಮಕ್ಕಳ ಅಡಿಪಟ್ಟಿ, ಗೌಂಡಿಯವರ ದಾರ, ಒಂದು ಅರಿವೆ, ಒಂದು ಕೈಬ್ಯಾಟರಿ.

ಅಡಿಪಟ್ಟಿ ಸರಪಳಿಗಾಗಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ ಎಂಬವನು ೧೮೮೦ರಲ್ಲಿ ಬುಷ್ ಮತ್ತು ಉರುಳೆಯುಳ್ಳ ಸರಪಳಿಯನ್ನು ನಿರ್ಮಿಸಿದನು. ಇಂದಿನ ಬೈಸಿಕಲ್ಲಿನ ಸರಪಳಿ ಅದರ ಸಂತಾನವೇ. ಅದರ ಒಂದು ಗೆಣ್ಣಿನ ಮೊಳೆಯಿಂದ ಮುಂದಿನ ಗೆಣ್ಣಿನ ಮೊಳೆಗೆ ಸರಿಯಾಗಿ ಅರ್ಧ ಇಂಚು. ಸಾದಾ ಸೈಕಲ್ಲಿಗೂ ಪಂದ್ಯದ ಸೈಕಲ್ಲಿಗೂ ಇದೇ ಅಳತೆ. ಆದುದರಿಂದ ಇಪ್ಪತ್ತನಾಲ್ಕು ಗೆಣ್ಣುಗಳಿಗೆ ಹನ್ನೆರಡು ಇಂಚು. ಸರಪಳಿ ಹಳೆಯದಾದಂತೆ ಉದ್ದವಾಗುವುದು. ಉಕ್ಕು ಹಿಗ್ಗಿತೆಂದು ಜನರು ಹೇಳುತ್ತಾರೆ, ಅದು ಸರಿಯಲ್ಲ. ಪ್ರತಿಯೊಂದು ಮೊಳೆಯೂ ಅದು ತಿರುಗುವ ತೂತೂ ಧೂಳಿನಿಂದ ಕೂದಲೆಳೆಯಷ್ಟು ಸವೆಯುತ್ತವೆ. ಆ ಎಳೆಗಳೆಲ್ಲ ಕೂಡಿ ಉದ್ದವಾಗಿ ತೋರುತ್ತವೆ. ಪಟ್ಟಿಯ ಸೊನ್ನೆಯನ್ನು ಒಂದು ಮೊಳೆಯ ನಡುವಿಗೆ ಹಿಡಿದಾಗ ಇಪ್ಪತ್ತನಾಲ್ಕನೆಯ ಮೊಳೆಯ ನಡು ಹನ್ನೆರಡನೆಯ ಗೆರೆಯ ಮೇಲೇ ಇದ್ದರೆ ಸರಪಳಿ ಹೊಸದು. ಗೆರೆಯಿಂದ ಇಂಚಿನ ಹದಿನಾರರಲ್ಲೊಂದು ಭಾಗ ಆಚೆ ಹೋಗಿದ್ದರೆ ಸರಪಳಿಯನ್ನು ಮಾತ್ರ ಬದಲಿಸಬೇಕು. ಎಂಟರಲ್ಲೊಂದು ಭಾಗ ಹೋಗಿದ್ದರೆ, ಉದ್ದವಾದ ಸರಪಳಿ ಹಲ್ಲುಚಕ್ರಗಳನ್ನೂ ತನ್ನ ಅಳತೆಗೆ ಕೊರೆದಿರುವುದರಿಂದ ಅವೂ ಹೋದವೆಂದೇ ತಿಳಿಯಬೇಕು. ಒಂದು ನಿಮಿಷದ ಈ ಪರೀಕ್ಷೆ ಸೈಕಲ್ಲು ಎಷ್ಟು ಓಡಿದೆ, ಒಡೆಯನು ಎಷ್ಟು ಎಣ್ಣೆ ಹಾಕಿದ್ದಾನೆ ಎಂಬ ಎರಡೂ ಸಂಗತಿಗಳನ್ನು ಹೇಳುವುದು. ಇದೇ ಎತ್ತಿನ ಹಲ್ಲು.

ಗಾಲಿಗೆ ಉಪಕರಣ ಕಿವಿ. ಕುಂದಗೋಳದ ಸೀಮೆಯವರಿಗೆ ಇದನ್ನು ಹೇಳುವುದು ಸುಲಭ. ಅದು ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರ (೧೮೮೬–೧೯೫೨) ಊರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಅವರಲ್ಲಿ ಕಲಿತವರು. ತಂಬೂರಿಯ ತಂತಿಗೆ ಇರುವ ನಿಯಮವೇ ಗಾಲಿಯ ಕಡ್ಡಿಗೂ ಉಂಟು: ಉದ್ದ, ದಪ್ಪಗಳು ಒಂದೇ ಆಗಿದ್ದರೆ ಸ್ವರದ ಕಂಪನಸಂಖ್ಯೆಯು ಕರ್ಷಣದ ವರ್ಗಮೂಲದಂತೆ ಏರಿಳಿಯುವುದು. ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತ ಹೋಗಬೇಕು. ಒಂದೇ ಮಗ್ಗುಲಿನ ಕಡ್ಡಿಗಳೆಲ್ಲ ಹೆಚ್ಚುಕಡಮೆ ಒಂದೇ ಸ್ವರ ನುಡಿದರೆ ಗಾಲಿ ಆರೋಗ್ಯವಾಗಿದೆ. ಉಳಿದವೆಲ್ಲ ಶುದ್ಧ ರಿಷಭದಲ್ಲಿದ್ದು ಒಂದು ಮಾತ್ರ ಷಡ್ಜಕ್ಕೆ ಇಳಿದಿದ್ದರೆ, ಸ್ವರದ ಪ್ರಮಾಣ ಒಂಬತ್ತಕ್ಕೆ ಎಂಟು. ಅದರ ವರ್ಗ ಎಂಬತ್ತೊಂದಕ್ಕೆ ಅರವತ್ತನಾಲ್ಕು. ಆ ಕಡ್ಡಿಯ ಬಿಗಿ ಐದರಲ್ಲೊಂದು ಪಾಲಿನಷ್ಟು ಸಡಿಲಿದೆ ಎಂದಾಯಿತು. ಹಿಂದಿನ ಗಾಲಿಯ ಬಲಮಗ್ಗುಲು ಎಡಮಗ್ಗುಲಿಗಿಂತ ಮೇಲಿನ ಸ್ವರದಲ್ಲಿದ್ದರೆ ಗಾಬರಿಪಡಬೇಕಾದುದಿಲ್ಲ. ಹಲ್ಲುಚಕ್ರಗಳಿಗೆ ಜಾಗ ಕೊಡಲು ಆ ಮಗ್ಗುಲಿನ ಕಡ್ಡಿಗಳನ್ನು ಹೆಚ್ಚು ಬಿಗಿದಿರುತ್ತಾರೆ. ಹುಡುಗಿ ಸಂಗೀತ ಕಲಿತವಳಲ್ಲ, ಆದರೂ ಮೂವತ್ತಾರು ಕಡ್ಡಿಗಳಲ್ಲಿ ಅಪಸ್ವರದ ಎರಡನ್ನು ಕ್ಷಣದಲ್ಲಿ ಹಿಡಿದಳು.

ಬೇರಿಂಗುಗಳನ್ನು ಕೈಯೇ ಹೇಳುವುದು. ಗಾಲಿಯನ್ನು ಎತ್ತಿ ತಿರುಗಿಸಿ, ಇನ್ನೊಂದು ಕೈಯನ್ನು ಚೌಕಟ್ಟಿನ ಮೇಲಿಟ್ಟರೆ ಗುಂಡುಗಳಾಗಲಿ ಅವು ಉರುಳುವ ಹಾದಿಯಾಗಲಿ ಒಡೆದಿದ್ದಲ್ಲಿ ಬೀಸುಕಲ್ಲಿನಂತಹ ಕಂಪ ತಿಳಿಯುವುದು. ದಾರವಿರುವುದು ಚೌಕಟ್ಟು ಸೊಟ್ಟಗಾಗಿದೆಯೇ ಎಂದು ನೋಡಲು. ಹಿಂದಿನ ಗಾಲಿಯ ಅಚ್ಚಿನ ಒಂದು ತುದಿಯಿಂದ ಹ್ಯಾಂಡಲ್ಲಿನ ಕೊಳವೆಯನ್ನು ಬಳಸಿ ಇನ್ನೊಂದು ತುದಿಗೆ ದಾರ ಬಿಗಿದರೆ, ಸೀಟಿನ ಕೊಳವೆಯಿಂದ ಎರಡೂ ಕಡೆಯ ದಾರ ಸಮದೂರದಲ್ಲಿರಬೇಕು. ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸೈಕಲ್ಲು ಎಲ್ಲೋ ಬಿದ್ದು ಎದ್ದಿದೆ.

ಮೊದಲನೆಯದು ಅಲ್ಯೂಮಿನಿಯಮ್ಮಿನ ಚೌಕಟ್ಟಿನದು. ಕೇಳಿದ ಬೆಲೆ ೧೨,೦೦೦ ರೂಪಾಯಿ. ಸರಪಳಿ ಚೊಕ್ಕಟ, ಗಾಲಿಗಳ ಸ್ವರ ಚೊಕ್ಕಟ, ದಾರ ಸರಿ. ಹುಡುಗಿಯ ಕಣ್ಣುಗಳು ಆಗಲೇ ಅದನ್ನು ಗುಡಗೇರಿಗೆ ಓಡಿಸಿಕೊಂಡು ಹೋಗಿದ್ದವು. ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲಿನ ಅಚ್ಚು ಕೂಡ್ರುವ ಕೊಳವೆಯ ಕೆಳಗೆ ಬ್ಯಾಟರಿ ಹಿಡಿದಾಗ ಬೆಸುಗೆಯ ಅಂಚಿನಲ್ಲಿ ಕೂದಲಿನಂತಹ ಒಂದು ಗೆರೆ ಕಂಡಿತು. ಅರಿವೆಯಿಂದ ಒರೆಸಿದೆವು, ಗೆರೆ ಹೋಗಲಿಲ್ಲ. ಪೆಡಲನ್ನು ಬಲವಾಗಿ ಒತ್ತಿದಾಗ ಅದು ತುಸು ಅಗಲವಾಯಿತು, ಬಿಟ್ಟಾಗ ಮುಚ್ಚಿಕೊಂಡಿತು. ಮಾರುವ ತರುಣನಿಗೂ ಅದು ಗೊತ್ತಿರಲಿಲ್ಲವೆಂದು ಅವನ ಮುಖವೇ ಹೇಳಿತು.

ಲೋಹದ ದಣಿವು ಎಂಬ ಈ ವ್ಯಾಧಿಯನ್ನು ಜಗತ್ತು ಗುರುತಿಸಿದ್ದು ರೈಲಿನ ಅಚ್ಚುಗಳಲ್ಲಿ. ೧೮೪೨ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ಇಂಜಿನ್ನಿನ ಅಚ್ಚು ಮುರಿದು ಘೋರವಾದ ಅಪಘಾತವಾಯಿತು. ಮುಂದೆ ಜರ್ಮನಿಯ ಔಗುಸ್ಟ್ ವೋಲರ್ ಎಂಬ ಇಂಜಿನಿಯರನು ಅಚ್ಚುಗಳನ್ನು ಲಕ್ಷಾಂತರ ಸಲ ತಿರುಗಿಸಿ ಬಾಗಿಸಿ ಪರೀಕ್ಷಿಸಿದನು. ಒಂದೇ ಸಲಕ್ಕೆ ಸುಲಭವಾಗಿ ತಾಳುವ ಹೊರೆಯನ್ನೇ ಮರಳಿ ಮರಳಿ ಹೇರಿದರೆ ಲೋಹ ಬಿರಿಯುತ್ತದೆ. ಆದರೆ ಉಕ್ಕಿನಲ್ಲಿ ಒಂದು ಮಿತಿಗಿಂತ ಕೆಳಗಿನ ಹೊರೆಯನ್ನು ಎಷ್ಟು ಸಲ ಹೇರಿದರೂ ಅದು ಬಹುಮಟ್ಟಿಗೆ ಬಿರಿಯದು. ಅಲ್ಯೂಮಿನಿಯಮ್ಮಿಗೆ ಇಂತಹ ಸ್ಪಷ್ಟವಾದ ಮಿತಿಯಿಲ್ಲ. ಹೊರೆ ಸಣ್ಣದಾದರೆ ಆಯುಷ್ಯ ದೀರ್ಘವಾದೀತು, ಅಷ್ಟೆ. ಹೀಗೆಂದ ಮಾತ್ರಕ್ಕೆ ಅಲ್ಯೂಮಿನಿಯಮ್ಮಿನ ಸೈಕಲ್ಲು ಕೆಟ್ಟದ್ದಲ್ಲ. ಕೊಳವೆಗಳನ್ನು ದಪ್ಪ ಮಾಡಿ, ಹೊರೆಯನ್ನು ಹಂಚಿ, ನಿರ್ಮಾಪಕರು ಅದಕ್ಕೆ ಸಾಕಷ್ಟು ಆಯುಷ್ಯ ಕೊಡುತ್ತಾರೆ. ತೊಂದರೆಯಿರುವುದು ಹಳೆಯದನ್ನು ಕೊಳ್ಳುವವನಿಗೆ: ಆ ಆಯುಷ್ಯದಲ್ಲಿ ಎಷ್ಟು ಖರ್ಚಾಗಿದೆಯೆಂಬುದನ್ನು ಯಾವ ಅಡಿಪಟ್ಟಿಯೂ ಹೇಳದು. 'ಕಾರ್ಬನ್' ನಾರಿನ ಚೌಕಟ್ಟಿನಲ್ಲಿ ಇದು ಇನ್ನೂ ಕಠಿಣ; ಒಳಗಿನ ಪದರ ಬಿಟ್ಟಿದ್ದರೂ ಹೊರಗೆ ಬಣ್ಣ ನಗುತ್ತಿರುತ್ತದೆ. ನಮ್ಮಂತಹ ಕೈಗಡಿತದ ಹಣವುಳ್ಳವರು ಅದರ ಗೊಡವೆಗೆ ಹೋಗದಿರುವುದೇ ಲೇಸು.

ಎರಡನೆಯದು ಉಕ್ಕಿನದು, ವಯಸ್ಸಿನಲ್ಲಿ ಹುಡುಗಿಗಿಂತ ಹಿರಿಯದು. ಬಣ್ಣ ಅಲ್ಲಲ್ಲಿ ಕಿತ್ತಿತ್ತು. ೬,೫೦೦ ರೂಪಾಯಿ. ಸರಪಳಿ ಹನ್ನೆರಡು ಇಂಚಿನ ಮೇಲೆ ಎಂಟರಲ್ಲೊಂದು ಭಾಗವನ್ನೂ ಮೀರಿತ್ತು. ಟಾಯರಿನ ಮಗ್ಗುಲುಗಳು ಬೇಸಗೆಯ ಕೆರೆಯಂಗಳದಂತೆ ಬಿರಿದಿದ್ದವು. ಭಾವನವರು ಎದ್ದುಬಿಟ್ಟರು. ನಾವು ಕೂಡ್ರಿಸಿದೆವು. ಸರಪಳಿ, ಟಾಯರು, ಬ್ರೇಕಿನ ರಬ್ಬರು ಇವೆಲ್ಲ ಸವೆಯಲೆಂದೇ ಇರುವ ವಸ್ತುಗಳು. ಇವುಗಳಿಗೆ ಪೇಟೆಯಲ್ಲಿ ಬೆಲೆಯುಂಟು, ಆ ಬೆಲೆಯನ್ನು ಚೌಕಾಶಿಯಲ್ಲಿ ಕಳೆಯಬಹುದು. ಚೌಕಟ್ಟಿನಲ್ಲಿ ಬಿರುಕಿಲ್ಲ, ದಾರ ಎರಡೂ ಕಡೆ ಸಮ, ತುಕ್ಕು ಮೇಲುಮೇಲೆ. ಕೊಳವೆಯ ಮೇಲೆ ಬೆರಳಿನಿಂದ ಬಾರಿಸಿದರೆ ಗಂಟೆಯಂತೆ ನುಡಿಯಿತು. ರಿಮ್ಮಿನ ಮಗ್ಗುಲುಗಳು ಬ್ರೇಕಿನಿಂದ ಸವೆದು ಒಳಬಾಗಿರಲಿಲ್ಲ. ಚೌಕಟ್ಟಿನ ಅಡಿಯಲ್ಲಿ ಒತ್ತಿದ ಸಂಖ್ಯೆಯನ್ನು ಬರೆದು, ಮಾರುವವರ ಸಹಿಯೊಡನೆ ಪಾವತಿ ಮಾಡಿಕೊಂಡೆವು. ಬೈಸಿಕಲ್ಲಿಗೆ ಮೋಟಾರುಗಾಡಿಯಂತೆ ನೋಂದಣಿಯಿಲ್ಲ. ಕದ್ದ ಮಾಲು ಅಲ್ಲವೆಂಬುದಕ್ಕೆ ಇರುವ ಆಧಾರ ಆ ಒಂದು ಚೀಟಿಯೇ. ಟವೆಲಿನ ಕೆಳಗಿನ ವಿದ್ಯೆಯಿಂದ ಭಾವನವರು ೬,೫೦೦ನ್ನು ೫,೮೦೦ಕ್ಕೆ ಇಳಿಸಿದ್ದು ಭೌತಶಾಸ್ತ್ರದ ಹೊರಗಿನ ಸಂಗತಿ.

ಸರಪಳಿ, ಫ್ರೀವೀಲ್, ಎರಡು ಟಾಯರು, ಟ್ಯೂಬು, ಬ್ರೇಕಿನ ರಬ್ಬರು, ತಂತಿಗಳು, ಬೇರಿಂಗಿನ ಗುಂಡು, ಕೂಲಿ ಎಲ್ಲ ಸೇರಿ ೪,೭೦೦ ರೂಪಾಯಿ ಬಿದ್ದಿತು. ಒಟ್ಟು ೧೦,೫೦೦. ಮಿಕ್ಕದ್ದರಲ್ಲಿ ತಲೆಗೆ ಹೆಲ್ಮೆಟ್ಟು, ಹಿಂದೆ ಮುಂದೆ ದೀಪ, ಬೀಗ, ಪಂಪು. ಹೊಸದನ್ನು ಕೊಂಡಿದ್ದರೆ ಇವಕ್ಕೆ ಉಳಿಯುತ್ತಿದ್ದುದು ಐದುನೂರು ರೂಪಾಯಿ.

ಟಾಯರಿನ ವಿಷಯದಲ್ಲಿ ಹಳ್ಳಿಯ ವಾಚಕರಿಗೆ ಒಂದು ಎಚ್ಚರಿಕೆ. ನಮ್ಮ ಕರಿ ಸೈಕಲ್ಲಿನ ಟಾಯರನ್ನೂ ರಸ್ತೆ ಸೈಕಲ್ಲಿನ ಟಾಯರನ್ನೂ ಎಷ್ಟೋ ಅಂಗಡಿಗಳಲ್ಲಿ ‘ಇಪ್ಪತ್ತೆಂಟು’ ಎಂದೇ ಕರೆಯುತ್ತಾರೆ. ಟಾಯರಿನ ಮೈಮೇಲೆ ಅಚ್ಚಾದ ಸಣ್ಣ ಅಂಕೆಗಳನ್ನು ಓದಬೇಕು. ಕರಿ ಸೈಕಲ್ಲಿನದರ ಮೇಲೆ ೪೦-೬೩೫ ಎಂದೂ ರಸ್ತೆ ಸೈಕಲ್ಲಿನದರ ಮೇಲೆ ೨೮-೬೨೨ ಎಂಬಂತೆಯೂ ಇರುವುದು. ಎರಡನೆಯ ಅಂಕೆ, ಟಾಯರು ರಿಮ್ಮಿನ ಮೇಲೆ ಕೂಡ್ರುವಲ್ಲಿನ ವ್ಯಾಸ, ಮಿಲಿಮೀಟರುಗಳಲ್ಲಿ. ಹದಿಮೂರು ಮಿಲಿಮೀಟರಿನ ಅಂತರವನ್ನು ಯಾವ ಮಿಸ್ತ್ರಿಯೂ ಎಳೆದು ಕೂಡಿಸಲಾರನು. ಆದುದರಿಂದ ಒಂದು ಟ್ಯೂಬು ಸದಾ ಸೀಟಿನ ಕೆಳಗೆ ಇರತಕ್ಕದ್ದು.

ಎರೆಮಣ್ಣಿನ ತಂಟೆ ಬೇರೆ. ಈ ಮಣ್ಣಿನಲ್ಲಿರುವ ಜೇಡಿಯ ಹಾಳೆಗಳು ಬಲು ತೆಳು. ಮಳೆನೀರು ಹಾಳೆಗಳ ನಡುವೆ ಹೊಕ್ಕು ಅವನ್ನು ದೂರ ತಳ್ಳುವುದರಿಂದ ಮಣ್ಣು ಉಬ್ಬಿ ಅಂಟಾಗುವುದು. ಒಣಗಿದಾಗ ಕುಗ್ಗಿ, ಕಾಲು ಹೋಗುವಷ್ಟು ಬಿರಿಯುವುದು. ಹಸಿ ಎರೆಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ರಸ್ತೆ ಸೈಕಲ್ಲಿನ ಬ್ರೇಕಿನ ಇಕ್ಕಟ್ಟಿನಲ್ಲಿ ಮಣ್ಣು ತುಂಬಿ ಗಾಲಿ ನಿಂತುಬಿಡುವುದು. ಕಾಲೇಜಿನ ದಾರಿಯೆಲ್ಲ ಡಾಂಬರೇ. ಮನೆಯಿಂದ ಡಾಂಬರಿನವರೆಗೆ ಮಾತ್ರ ಎರೆ. ಮಳೆಯ ದಿನ ಅಷ್ಟು ದೂರ ಹುಡುಗಿ ಸೈಕಲ್ಲನ್ನು ಹೆಗಲ ಮೇಲೆ ಹೊರುತ್ತಾಳೆ. ನಾವು ಲೆಕ್ಕದಲ್ಲಿ ಕಡೆಗಣಿಸಿದ ಏಳು ಕಿಲೋಗ್ರಾಮಿನ ಲಾಭ ಅಲ್ಲಿ ಬಂದಿತು.

ಇಷ್ಟೆಲ್ಲ ಪರೀಕ್ಷಿಸಿದ ನಾವು ಒಂದನ್ನು ಮರೆತಿದ್ದೆವು. ಸೀಟಿನ ಎತ್ತರಕ್ಕೆ ೧೯೬೭ರಲ್ಲಿ ಹ್ಯಾಮ್ಲಿ, ಥಾಮಸ್ ಎಂಬಿಬ್ಬರು ಪ್ರಯೋಗಮಾಡಿ ಕೊಟ್ಟ ಅಳತೆಯೊಂದುಂಟು: ತೊಡೆಸಂದಿನಿಂದ ನೆಲಕ್ಕಿರುವ ಉದ್ದದ ನೂರಕ್ಕೆ ೧೦೯ರಷ್ಟು ದೂರ, ಕೆಳಗಿಳಿದ ಪೆಡಲಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕು. ಹುಡುಗಿಯ ಕಾಲಿನ ಉದ್ದ ೭೪ ಸೆಂಟಿಮೀಟರು. ಸೀಟು ಸುಮಾರು ೮೧ಕ್ಕೆ ಏರಬೇಕು. ಇದ್ದುದು ೭೫. ತಿರುಪು ಸಡಿಲಿಸಿ ಎಳೆದೆವು. ಸೀಟಿನ ದಂಡ ಅಲುಗಲಿಲ್ಲ. ಭಾವನವರು ಎಳೆದರು, ನೆರೆಯವರು ಎಳೆದರು. ಅಲ್ಯೂಮಿನಿಯಮ್ಮಿನ ದಂಡ ಉಕ್ಕಿನ ಕೊಳವೆಯೊಳಗೆ ವರ್ಷಗಟ್ಟಲೆ ಕುಳಿತಿತ್ತು. ಬೆವರಿನ ಉಪ್ಪುನೀರು ನಡುವೆ ಸೇರಿದರೆ ಈ ಎರಡು ಲೋಹಗಳು ವಿದ್ಯುತ್ಕೋಶದಂತೆ ವರ್ತಿಸುವುವು. ಅಲ್ಯೂಮಿನಿಯಂ ಕರಗಿ ಬೂದಿಯಂತಹ ಪುಡಿಯಾಗಿ, ಮೊದಲಿಗಿಂತ ಹೆಚ್ಚು ಜಾಗ ಹಿಡಿದು, ಬೆಣೆಯಂತೆ ಬಿಗಿಯುವುದು. ಕೊಳ್ಳುವ ಮೊದಲು ಸೀಟನ್ನು ಒಮ್ಮೆ ಏರಿಸಿ ಇಳಿಸಿ ತೋರಿಸಿರೆಂದು ಕೇಳಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಮಂದಿ ತ್ರಾಸಿನ ಮಾತನ್ನು ಭಾವನವರು ಮತ್ತೆ ಎತ್ತಲಿಲ್ಲ. ಎತ್ತದೆ ಇದ್ದುದೇ ಹೆಚ್ಚು ಚುಚ್ಚಿತು.

ಊರಿನ ಮಿಸ್ತ್ರಿ ಉರಿಯಿಂದ ಕಾಯಿಸೋಣವೆಂದನು. ಒಂದು ಡಿಗ್ರಿ ಕಾಯ್ದರೆ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ ೨೩ ಭಾಗ ಹಿಗ್ಗುವುದು, ಉಕ್ಕು ೧೨ ಭಾಗ. ಒಳಗಿನದೇ ಹೆಚ್ಚು ಹಿಗ್ಗುವುದಾದರೆ ಕಾಯಿಸಿದಷ್ಟೂ ಬಿಗಿ. ತಣಿಸಬೇಕು. ಸಂದಿಗೆ ಎಣ್ಣೆ ಬಿಟ್ಟು ಮೂರು ದಿನ ಕಾದೆವು. ಸೀಟನ್ನು ಬಿಚ್ಚಿ, ಪೊಳ್ಳಾದ ದಂಡದ ಕೆಳಬಾಯಿಗೆ ಅರಿವೆಯ ಬಿರಡೆ ತುರುಕಿ, ಪುಡಿಮಾಡಿದ ಮಂಜುಗಡ್ಡೆಗೆ ಉಪ್ಪು ಬೆರೆಸಿ ಒಳಗೆ ತುಂಬಿದೆವು. ದಂಡದ ವ್ಯಾಸ ೨೭ ಮಿಲಿಮೀಟರು. ಎರಡೂ ಲೋಹಗಳು ೩೦ ಡಿಗ್ರಿ ತಣಿದರೂ ನಡುವೆ ಬಿಡುವ ಸಂದು ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತ ಕಡಿಮೆ. ದಂಡ ಮೊದಲು ತಣಿದು ಕೊಳವೆ ಹಿಂದೆ ಉಳಿದರೆ ಅದರ ಇಮ್ಮಡಿ. ಅಷ್ಟು ಸಾಕೇ ಎಂದು ನಮಗೂ ಸಂಶಯವಿತ್ತು. ಹತ್ತು ನಿಮಿಷ ಬಿಟ್ಟು ಮಿಸ್ತ್ರಿ ದಂಡದ ತಲೆಗೆ ಪಾನು ಹಾಕಿ ತಿರುವಿದನು. ಒಣ ಬಾಗಿಲು ತೆರೆದಂತೆ ಕಿರ್ರೆಂದು ಒಂದು ಸದ್ದು, ಬಿಳಿಯ ಪುಡಿ ಉದುರಿತು, ದಂಡ ತಿರುಗಿತು. ಒರಸಿ, ಗ್ರೀಸು ಹಚ್ಚಿ, ೮೧ ಸೆಂಟಿಮೀಟರಿಗೆ ನಿಲ್ಲಿಸಿದೆವು.

ಜೂನಿನಲ್ಲಿ ಕಾಲೇಜು ತೆರೆದ ದಿನ ಪಡುವಣ ಗಾಳಿ ಜೋರಾಗಿತ್ತಂತೆ. ಆ ರಾತ್ರಿ ದೂರವಾಣಿಯಲ್ಲಿ ಹುಡುಗಿ ವರದಿ ಒಪ್ಪಿಸಿದಳು: ಹೋಗಲು ಹಿಡಿದದ್ದು ೪೯ ನಿಮಿಷ. ನಮ್ಮ ಲೆಕ್ಕ ೪೪ ಎಂದು ನೆನಪಿಸಿದೆವು.

“ಐದು ನಿಮಿಷ ಕುರಿ ಹಿಂಡು ಅಡ್ಡ ಬಂದಿತ್ತು, ಮಾಮಾ,” ಎಂದಳು.